ಉಪಾಧ್ಯಾಯನ ವಯಸ್ಸು

ಈಗ ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಬಹುಮಂದಿ ಪಟ್ಟಣವಾಸಿಗಳು, ವಿದ್ಯಾವಂತರು. ನಿಮ್ಮ ವಯಸ್ಸು ಎಷ್ಟೆಂದು ನಾನು ಕೇಳಿದರೆ ಅದನ್ನು ಅವಿನಯವೆಂದು ಎಣಿಸಬಾರದು. ನೀವು ತಡೆಯದೆ ಉತ್ತರ ಕೊಡಬಲ್ಲಿರಿ; ತಾರೀಖನ್ನೂ ವಾರವನ್ನೂ ಹೇಳಬಲ್ಲಿರಿ; ಕೆಲವರು ನಕ್ಷತ್ರ, ಪಾದಗಳನ್ನು ಸಹ ಹೇಳಿಯಾರು. ಇದೇ ಪ್ರಶ್ನೆಯನ್ನು ನಾನು ಕೆಲಸಮಾಡುವ ಹೊನ್ನಾಳಿಯ ಕಡೆ ಒಬ್ಬ ಮುದುಕಿಯನ್ನು ಕೇಳಿ ನೋಡಿ. ಆಕೆ ಮೊದಲು ನಿಮ್ಮ ಮುಖವನ್ನು ನೋಡುವಳು. ಆಮೇಲೆ, "ನೀವೇ ನೋಡಿ ಬರ್ಕಳಿ ಮೇಷ್ಟ್ರೇ, ನಿಮಗೆ ಗೊತ್ತಾಗಲ್ವೇ" ಎನ್ನುವಳು. ವಯಸ್ಸು ತನ್ನದೇ ಆದರೂ ಅದನ್ನು ಹೇಳತಕ್ಕವರು ಓದುಬರಹ ಬಲ್ಲವರು ಎಂಬುದು ಆಕೆಯ ಅಭಿಪ್ರಾಯ. ಆ ಓದುಬರಹ ಬಲ್ಲವನು ಬಹುಮಟ್ಟಿಗೆ ಶಾಲೆಯ ಉಪಾಧ್ಯಾಯನೇ. ಜನಗಳಿಗೆ ವಯಸ್ಸನ್ನು ಹಂಚುವ ಈ ಕೆಲಸದಲ್ಲಿ ನಾನೂ 2011ರಿಂದ ಪಾಲುಗಾರನಾಗಿದ್ದೇನೆ. ಆದುದರಿಂದ ನನ್ನ ಸ್ವಂತ ವಯಸ್ಸಿನ ವಿಷಯವಾಗಿ ಯೋಚಿಸಲು ಹೊರಟಾಗಲೆಲ್ಲ ಇತರರ ವಯಸ್ಸುಗಳು ಅಡ್ಡಬಂದು ನಿಲ್ಲುತ್ತವೆ.

ಹೊನ್ನಾಳಿಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ಒಂದಾದ ಹೊಳೆ ಉತ್ತರಮುಖವಾಗಿ ಹರಿದುಬಂದು ನಮ್ಮ ಊರನ್ನು ಮುಟ್ಟುತ್ತದೆ. ರಾಯರ ಮಠಕ್ಕೂ ಹಿರೇಕಲ್ಮಠಕ್ಕೂ ಹೊರಗಿನ ಜನ ಬಂದುಹೋಗುತ್ತಾರೆ. ರೈಲು ಬರುವುದಿಲ್ಲ. ಸುತ್ತಲೂ ಭತ್ತ, ಮೆಕ್ಕೆಜೋಳ, ಈಚೆಗೆ ಎಲ್ಲಿ ನೋಡಿದರಲ್ಲಿ ಅಡಕೆ. ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ತಾಲ್ಲೂಕು 1997ನೆಯ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅತ್ತ ಹೋಯಿತು. "ನಾನು ಕೂತಲ್ಲೇ ಕೂತಿದ್ದೆ, ಜಿಲ್ಲೆಯೇ ಎದ್ದು ಹೋಯ್ತು" ಎಂದು ಒಬ್ಬ ವೃದ್ಧರು ನನಗೆ ಹೇಳಿದ್ದರು. ವಯಸ್ಸಾಗುವುದನ್ನು ಕುರಿತು ಇಷ್ಟು ಚೆನ್ನಾದ ಮಾತನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಅವರು ಹೇಳಿದ್ದು ಜಿಲ್ಲೆಯನ್ನು ಕುರಿತೇ ಇರಬಹುದು.

ನನಗೆ ಈಗ ಮೂವತ್ತೈದು ದಾಟಿದೆ. ನಮ್ಮ ಶಾಲೆಯ ಉಪಾಧ್ಯಾಯವರ್ಗದಲ್ಲಿ ನಾನೇ ಕಿರಿಯ. ಆದಕಾರಣ ಏಣಿ ಹತ್ತುವುದು, ಮೊಬೈಲ್ ಫೋನಿನಲ್ಲಿ ಮಕ್ಕಳ ಹಾಜರಿಯನ್ನು ತುಂಬುವುದು, ಹಳೆಯ ಗಡಿಯಾರಕ್ಕೆ ಹೊಸ ಬ್ಯಾಟರಿ ಹಾಕುವುದು, ಇವೆಲ್ಲ "ಹುಡುಗ"ನಾದ ನನ್ನ ಪಾಲಿಗೆ ಬಂದಿವೆ. ಮಕ್ಕಳ ಅಭಿಪ್ರಾಯ ಬೇರೆ. ಒಂದು ದಿನ ಒಂದನೆಯ ತರಗತಿಯ ಬಾಲಕನೊಬ್ಬ, "ಸಾರ್, ನಿಮಗೆ ಎಷ್ಟು ವರ್ಷ?" ಎಂದು ಕೇಳಿದನು. ನೀನೇ ಹೇಳು ಎಂದೆನು. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದು, "ನೂರು" ಎಂದನು. ಪಕ್ಕದಲ್ಲಿದ್ದ ಹುಡುಗಿ ಅವನಿಗೆ ತಿವಿದು, "ಅಷ್ಟಿಲ್ಲ ಕಣೋ, ಇಪ್ಪತ್ತು" ಎಂದು ತಿದ್ದಿದಳು. ಈ ಎರಡು ಉತ್ತರಗಳ ನಡುವೆ ನಾನು ಎಲ್ಲಿಯೋ ಇದ್ದೇನೆಂಬುದು ನಿಜ. ಬೆಳಗ್ಗೆ ಒಂದಕ್ಕೆ ಹತ್ತಿರವಾಗಿಯೂ ಸಂಜೆ ಇನ್ನೊಂದಕ್ಕೆ ಹತ್ತಿರವಾಗಿಯೂ ಇರುವೆನು.

ದಿನಚರಿ ಹೇಳುವಂಥದೇನೂ ಅಲ್ಲ. ಪ್ರಾರ್ಥನೆ, ಹಾಲು, ಪಾಠ, ಮಧ್ಯಾಹ್ನ ಅನ್ನ ಸಾರು, ಮತ್ತೆ ಪಾಠ, ಮತ್ತೆ ಲೆಕ್ಕ. ಅಕ್ಕಿಯ ಲೆಕ್ಕ, ಬೇಳೆಯ ಲೆಕ್ಕ, ಮೊಟ್ಟೆಯ ಲೆಕ್ಕ, ಮೊಟ್ಟೆ ಒಲ್ಲದವರಿಗೆ ಕೊಟ್ಟ ಬಾಳೆಹಣ್ಣಿನ ಲೆಕ್ಕ. ನಲಿಕಲಿಯೆಂಬ ಪದ್ಧತಿಯನ್ನು ನೀವು ಕೇಳಿರಬಹುದು; 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಉಪಾಧ್ಯಾಯರೇ ಸೇರಿ ಆರಂಭಿಸಿದ್ದು. ಅದರಲ್ಲಿ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತು, ಮೆಟ್ಟಲು ಮೆಟ್ಟಲಾಗಿ, ತಮ್ಮ ತಮ್ಮ ನಡಗೆಯಲ್ಲಿ ಕಲಿಯುತ್ತಾರೆ. ಉಪಾಧ್ಯಾಯನೂ ನೆಲದ ಮೇಲೆಯೇ ಕೂರತಕ್ಕದ್ದು. ಹತ್ತು ವರ್ಷದ ಕೆಳಗೆ ನಾನು ಕುಳಿತ ಕಡೆಯಿಂದ ಚೆಂಡಿನಂತೆ ಏಳುತ್ತಿದ್ದೆನು. ಈಗ ಏಳುವಾಗ ಒಂದು ಕೈಯನ್ನು ಮೊಣಕಾಲಿನ ಮೇಲೆ ಊರುತ್ತೇನೆಂದು ನನಗೆ ತಿಳಿದದ್ದು, ಮಕ್ಕಳು ಉಪಾಧ್ಯಾಯರ ಆಟ ಆಡುತ್ತಿದ್ದಾಗ. ನನ್ನ ಪಾತ್ರವನ್ನು ವಹಿಸಿದ್ದ ಪುಟ್ಟ ಹುಡುಗಿ ಕೈಯನ್ನು ಮೊಣಕಾಲಿನ ಮೇಲೆ ಊರಿ, "ಹ್ಞಾ" ಎಂದು ಎದ್ದಳು. ಆ "ಹ್ಞಾ" ನನ್ನದೆಂದು ಎಲ್ಲರಿಗೂ ಗೊತ್ತಿದ್ದಿತು, ನನಗೊಬ್ಬನಿಗಲ್ಲದೆ.

ನಮ್ಮ ವೃತ್ತಿಯಲ್ಲಿ ವಯಸ್ಸು ಹೀಗೆ ಕಳ್ಳದಾರಿಯಿಂದಲೇ ಬರಬೇಕು. ವಕೀಲನ ಕಕ್ಷಿಗಳು ಅವನೊಡನೆ ಮುದುಕರಾಗುತ್ತಾರೆ. ವೈದ್ಯನ ರೋಗಿಗಳೂ ಹಾಗೆಯೇ. ಉಪಾಧ್ಯಾಯನ ಎದುರಿಗೆ ಮಾತ್ರ ಪ್ರತಿ ಜೂನ್ ತಿಂಗಳಲ್ಲಿಯೂ ಅದೇ ಆರು ವರ್ಷ ಬಂದು ಕುಳಿತುಕೊಳ್ಳುತ್ತದೆ. ಹಲ್ಲು ಬಿದ್ದ ಬಾಯಿ ಅದೇ, ಹೊಸ ಚೀಲದ ವಾಸನೆ ಅದೇ, ಮೊದಲನೆಯ ದಿನದ ಅಳುವೂ ಅದೇ. ಎದುರಿಗಿರುವವರು ಬೆಳೆಯದಿದ್ದಮೇಲೆ ತಾನು ಬೆಳೆದೆನೆಂದು ಅವನು ನಂಬುವುದು ಹೇಗೆ? ಬೆಳೆದವರು ಕಣ್ಣಮುಂದಿನಿಂದ ಎದ್ದು ಹೈಸ್ಕೂಲಿಗೆ ಹೋಗಿಬಿಡುತ್ತಾರೆ. ಹೊಳೆಯ ಮೆಟ್ಟಲಿನ ಮೇಲೆ ಕುಳಿತವನು ನೀರು ಅದೇ ಎಂದುಕೊಂಡಂತೆ ನಾನೂ ಅದೇ ಎಂದುಕೊಂಡು ಬಹುಕಾಲ ಕಳೆದೆನು.

ಇನ್ನು ವಯಸ್ಸು ಹಂಚುವ ವಿಚಾರಕ್ಕೆ ಬರುತ್ತೇನೆ. ನಮ್ಮ ಶಾಲೆಯ ಬೀರುವಿನಲ್ಲಿ ದಾಖಲಾತಿ ರಿಜಿಸ್ಟರುಗಳಿವೆ. ಹಳೆಯವುಗಳ ಅಂಚನ್ನು ಗೆದ್ದಲು ತಿಂದಿದೆ. ಮಳೆಗಾಲದ ಒಂದು ಮಧ್ಯಾಹ್ನ ಅವುಗಳನ್ನು ಬಿಸಿಲಿಗೆ ಹಾಕಲು ತೆಗೆದಾಗ ಹುಟ್ಟಿದ ತಾರೀಖಿನ ಅಂಕಣದ ಮೇಲೆ ಕಣ್ಣಾಡಿಸಿದೆನು. ಜೂನ್ 1, ಜೂನ್ 1, ಜೂನ್ 1. ನಡುವೆ ಎಲ್ಲಿಯೋ ಒಂದು ಮೇ 10. ಮತ್ತೆ ಜೂನ್ 1. ನಮ್ಮ ನಾಡಿನಲ್ಲಿ ಒಂದು ತಲೆಮಾರೇ ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ಕಾರಣ ನಿಮಗೆ ತಿಳಿದದ್ದೇ. ತಂದೆ ಮಗನನ್ನು ಕರೆತರುವನು; ಹುಟ್ಟಿದ್ದು ಯಾವಾಗ ಎಂದರೆ "ಹೊಳೆ ದೊಡ್ಡದು ಬಂದ ವರ್ಷ" ಎನ್ನುವನು, ಇಲ್ಲವೇ "ಅವನ ಅಕ್ಕನಿಗಿಂತ ಎರಡು ಬೆಳೆ ಚಿಕ್ಕವನು" ಎನ್ನುವನು. ಮೇಷ್ಟ್ರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿನಿಂದ ಎಡಗಿವಿಗೆ ತರಿಸುವರು. ಬೆರಳು ಕಿವಿಗೆ ಮುಟ್ಟಿದರೆ ಆರು ವರ್ಷ. ಶಾಲೆ ತೆರೆದ ದಿನಕ್ಕೆ ಸರಿಯಾಗಿ ಆರು ಎಂದು ಕಳೆದರೆ ಜೂನ್ 1. ಈ ಶಾಸ್ತ್ರದಲ್ಲಿ ಕೈ ಉದ್ದವಾಗಿದ್ದವನು ಬೇಗ ಹುಟ್ಟಿದನು, ತಲೆ ದಪ್ಪವಾಗಿದ್ದವನು ತಡವಾಗಿ ಹುಟ್ಟಿದನು.

ಇದು ಬಡವರ ಮಕ್ಕಳಿಗೆ ಮಾತ್ರ ಆದುದಲ್ಲ. ನಾಡಿನ ಮುಖ್ಯಮಂತ್ರಿಯ ಪದವಿಗೇರಿದ ಸಿದ್ದರಾಮಯ್ಯನವರು, ತಮ್ಮ ಜನ್ಮದಿನ ಶಾಲೆಯ ಮೇಷ್ಟ್ರು ಬರೆದದ್ದೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ಆ ಬರೆದ ದಿನವನ್ನು ಹಿಡಿದು 2022ರ ಆಗಸ್ಟ್ 3ರಂದು ನಮ್ಮ ದಾವಣಗೆರೆಯಲ್ಲಿಯೇ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬ ಲಕ್ಷಾಂತರ ಜನರ ನಡುವೆ ನಡೆಯಿತು. ಹೊನ್ನಾಳಿಯಲ್ಲಿ ಬಾಲ್ಯದ ಓದಿನ ಕೆಲವು ಕಾಲವನ್ನು ಕಳೆದ ಕವಿ ಜಿ. ಎಸ್. ಶಿವರುದ್ರಪ್ಪನವರ ಜನ್ಮದಿನ 1926ನೆಯ ಫೆಬ್ರವರಿ 7. ಅವರ ತಂದೆ ಶಾಲೆಯ ಉಪಾಧ್ಯಾಯರು. ಮೇಷ್ಟ್ರ ಮಗನಾದುದರಿಂದಲೇ ಅವರು ಜೂನ್ 1ರಿಂದ ತಪ್ಪಿಸಿಕೊಂಡರೋ ಏನೋ ಎಂದು ನಾವು ಕೊಠಡಿಯಲ್ಲಿ ನಕ್ಕುದುಂಟು.

ನನ್ನ ತಂದೆ ಉಪಾಧ್ಯಾಯರಲ್ಲ, ನಾನು ತಪ್ಪಿಸಿಕೊಳ್ಳಲಿಲ್ಲ. ತಾಯಿಯ ಲೆಕ್ಕದಲ್ಲಿ ನಾನು ಹುಟ್ಟಿದ್ದು ದೀಪಾವಳಿಯ ಬಲಿಪಾಡ್ಯಮಿಯ ದಿನ. ಸರ್ಕಾರದ ಲೆಕ್ಕದಲ್ಲಿ ಅದೇ 1990ನೆಯ ಜೂನ್ 1. ತಿಂಗಳ ಒಂದನೆಯ ತಾರೀಖು ಹುಟ್ಟಿದ ನೌಕರನು ಹಿಂದಿನ ತಿಂಗಳ ಕಡೆಯ ದಿನ ನಿವೃತ್ತನಾಗತಕ್ಕದ್ದೆಂಬ ನಿಯಮವಿರುವುದರಿಂದ ಮೇ 31 ನಮ್ಮ ಇಲಾಖೆಯಲ್ಲಿ ಒಂದು ಹಬ್ಬವೇ ಆಗಿದೆ. ಶಾಲುಗಳ, ಹಣ್ಣಿನ ಬುಟ್ಟಿಗಳ, ಕಣ್ಣೊರಸಿಕೊಳ್ಳುವ ಹಬ್ಬ. ನಿವೃತ್ತಿಯ ವಯಸ್ಸು ಐವತ್ತೆಂಟು ಇದ್ದುದು 2008ರಲ್ಲಿ ಅರವತ್ತಾಯಿತು. ಕೆಲವು ವರ್ಷಗಳ ಕೆಳಗೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಬೀಳ್ಕೊಡುಗೆ ನಡೆಯಿತು. ಅರವತ್ತು ವಸಂತಗಳನ್ನು ಕಂಡವರು ಎಂದು ನಾವೆಲ್ಲ ಹೊಗಳಿದಮೇಲೆ ಅವರು ಎದ್ದು, "ಐವತ್ತೆಂಟೂವರೆ ವಸಂತ. ಉಳಿದ ಒಂದೂವರೆಯನ್ನು ನನ್ನನ್ನು ಶಾಲೆಗೆ ಸೇರಿಸಿದ ಮೇಷ್ಟ್ರು ಕಂಡಿರಬೇಕು" ಎಂದರು. ಎಲ್ಲರೂ ನಕ್ಕರು. ಆಮೇಲೆ ಕೈ ತೊಳೆಯುವ ಕಡೆ ನಿಂತು ಅವರು ನನ್ನೊಡನೆ ಮೆಲ್ಲಗೆ ಹೇಳಿದ್ದು ಬೇರೆ: "ಒಂದೂವರೆ ವರ್ಷದ ಸಂಬಳ ಬಂದಿದ್ದರೆ ಸಾಲ ತೀರುತ್ತಿತ್ತಪ್ಪ." ನನಗೂ ಇಂಥ ದಿನ 2050ನೆಯ ಮೇ 31ರಂದು ಕಾದಿದೆ. ಇಷ್ಟು ಖಚಿತವಾಗಿ ಗೊತ್ತಿರುವ ಸಂಗತಿ ನನ್ನ ಜೀವನದಲ್ಲಿ ಮತ್ತೊಂದಿಲ್ಲ, ಅದರ ಆಧಾರ ಮಾತ್ರ ಸುಳ್ಳು.

ಮೇಷ್ಟ್ರುಗಳನ್ನು ಬಯ್ಯುವುದು ಸುಲಭ. ಅವರೇನೂ ದುರುದ್ದೇಶದಿಂದ ಬರೆದವರಲ್ಲ. ಹಳೆಯ ಜನಗಣತಿಯ ವರದಿಗಳನ್ನು ಬರೆದ ಅಧಿಕಾರಿಗಳು ಒಂದು ಗೊಣಗಾಟ ಗೊಣಗಿದ್ದಾರೆ: ಜನ ತಮ್ಮ ವಯಸ್ಸನ್ನು ಹೇಳುವಾಗ ಐದು, ಹತ್ತುಗಳಿಗೇ ಬಂದು ನಿಲ್ಲುತ್ತಾರೆ, ನಲವತ್ತು ಎನ್ನುವವರು ರಾಶಿರಾಶಿ, ನಲವತ್ತೊಂದು ಎನ್ನುವವರು ವಿರಳ. ಹೊಲದಲ್ಲಿ ದುಡಿಯುವವನಿಗೆ ನಲವತ್ತೊಂದರಿಂದ ಆಗಬೇಕಾದುದೇನು? ಜನನ ಮರಣಗಳ ನೋಂದಣಿಯ ಕಾನೂನು 1969ರಲ್ಲಿ ಬಂದಿತು. 2023ರ ತಿದ್ದುಪಡಿಯಂತೆ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನಪತ್ರವೇ ವಯಸ್ಸಿನ ಆಧಾರ. ಆ ಮಕ್ಕಳು ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ನಮ್ಮ ಈ ಅಧಿಕಾರ ಮುಗಿದಿರುತ್ತದೆ. ಮುಗಿಯಲಿ ಎಂದು ನಾನು ಮನಃಪೂರ್ವಕವಾಗಿ ಬಯಸುವವನು. ಏಕೆಂಬುದನ್ನು ಹೇಳಬೇಕಾಗಿದೆ.

2012ನೆಯ ಜೂನ್ ತಿಂಗಳು. ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಒಬ್ಬ ತಾಯಿ ಮಗಳ ಕೈಹಿಡಿದು ಬಂದಳು. ಆಕೆ ಕೂಲಿಯವಳು, ನಾಟಿಯ ಕಾಲ ಹತ್ತಿರವಾಗಿದ್ದಿತು, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಹುಟ್ಟಿದ್ದು ಯಾವಾಗ ಎಂದು ಕೇಳಿದೆನು. ಆ ತಾಯಿ ತಡವರಿಸಲಿಲ್ಲ: "ಶಿವರಾತ್ರಿ ಮಾರನೇ ದಿನ ಸಾರ್. ಜಾಗರಣೆ ಮುಗಿಸಿ ಎದ್ದಿದ್ದೆ, ಹೊಟ್ಟೆನೋವು ಬಂತು." ಯಾವ ಶಿವರಾತ್ರಿ ಎಂಬುದನ್ನೂ ಎಣಿಸಿ ಹೇಳಿದಳು. 2007ನೆಯ ಇಸವಿಯ ಶಿವರಾತ್ರಿ, ಫೆಬ್ರವರಿ 16. ಅಂದರೆ ಮಗುವಿಗೆ ಐದು ವರ್ಷ ತುಂಬಿ ನಾಲ್ಕು ತಿಂಗಳು ಸಹ ಆಗಿರಲಿಲ್ಲ. ಒಂದನೆಯ ತರಗತಿಗೆ ಸಾಲದು. ಮುಂದಿನ ವರ್ಷ ಕರೆತನ್ನಿ ಎಂದೆನು. ತಾಯಿ ಏನೂ ಹೇಳಲಿಲ್ಲ; ಆದರೆ ಹೋಗಲೂ ಇಲ್ಲ. ಮಗು ಬಾಗಿಲಲ್ಲಿ ನಿಂತು ಒಳಗಿನ ಮಕ್ಕಳು ಹಾಡುತ್ತಿದ್ದ ಹಾಡನ್ನು ತುಟಿಯಲ್ಲಿಯೇ ಹೇಳಿಕೊಳ್ಳುತ್ತಿದ್ದಿತು. ಕಡ್ಡಾಯ ಶಿಕ್ಷಣದ ಹೊಸ ಕಾನೂನಿನಂತೆ, ಜನನಪತ್ರ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಹಿಂದಕ್ಕೆ ಕಳುಹಿಸತಕ್ಕದ್ದಲ್ಲ. ಪೋಷಕರು ಹೇಳಿ ಬರೆದುಕೊಟ್ಟರೆ ಸಾಕು. ಆಕೆಯ ಹೇಳಿಕೆಯನ್ನು ಬರೆದವನು ನಾನು; ಕೆಳಗೆ ಹೆಬ್ಬೆಟ್ಟು ಒತ್ತಿದವಳು ಆಕೆ. 2006ನೆಯ ಜೂನ್ 1 ಎಂದು ಬರೆದೆನು. ತರಗತಿಯಲ್ಲಿ ಮಕ್ಕಳ ಸಂಖ್ಯೆಯೂ ಆ ವರ್ಷ ಕಡಮೆಯಾಗಿದ್ದಿತು. ಆ ಲೆಕ್ಕವೂ ನನ್ನ ಮನಸ್ಸಿನಲ್ಲಿ ಇರಲಿಲ್ಲವೆಂದು ಹೇಳಲಾರೆನು. ಆದರೂ ಆ ಸಂಜೆ ಮನೆಗೆ ಹೋಗುವಾಗ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷವೇ ನನಗಿದ್ದಿತು. ಎಂಟು ತಿಂಗಳು, ಹದಿನಾರು ದಿನ. ಅಷ್ಟರಿಂದ ಯಾರಿಗೇನು ನಷ್ಟ?

ಹುಡುಗಿ ಚೆನ್ನಾಗಿ ಓದಿದಳು. ನಮ್ಮಲ್ಲಿ ಮುಗಿಸಿ ಹೈಸ್ಕೂಲಿಗೆ, ಅಲ್ಲಿಂದ ಕಾಲೇಜಿಗೆ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಓಡಿಬಂದು ಮಾತನಾಡಿಸುತ್ತಿದ್ದಳು. ಪದವಿ ಓದಿ ಉಪಾಧ್ಯಾಯಿನಿಯಾಗುವೆನೆಂದು ಒಮ್ಮೆ ಹೇಳಿದ್ದಳು. ಈ ಮಾತನ್ನು ಬಹುಮಂದಿ ಮಕ್ಕಳು ನಮ್ಮ ಎದುರಿಗೆ ಹೇಳುತ್ತಾರೆ. ಆದರೂ ಕೇಳಿದಾಗ ಹಿತವಾಗಿಯೇ ಇರುತ್ತದೆ.

ನಮಗೆ ಇನ್ನೊಂದು ಉದ್ಯೋಗವಿದೆ. ಮತಗಟ್ಟೆ ಮಟ್ಟದ ಅಧಿಕಾರಿಯೆಂದು ಅದರ ಹೆಸರು. ಮತದಾರರ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಿ ಹದಿನೆಂಟು ತುಂಬಿದವರನ್ನು ಸೇರಿಸುವುದು, ಊರು ಬಿಟ್ಟವರನ್ನು ಬೇರೆಡೆಗೆ ಕಳುಹಿಸುವುದು, ತೀರಿಕೊಂಡವರನ್ನು ತೆಗೆಯುವುದು. ಮನುಷ್ಯನ ಜೀವಮಾನವೆಲ್ಲ ಅಲ್ಲಿ ಮೂರು ನಮೂನೆಗಳಲ್ಲಿ ಮುಗಿಯುತ್ತದೆ: ಆರನೆಯದು, ಎಂಟನೆಯದು, ಏಳನೆಯದು. 2024ನೆಯ ಇಸವಿಯ ಕಾರ್ತಿಕ ಮಾಸದಲ್ಲಿ ಈ ಕೆಲಸದ ಮೇಲೆ ಹೋಗುತ್ತ ಆ ಹುಡುಗಿಯ ಕೇರಿಗೆ ಬಂದೆನು. ಹದಿನೆಂಟು ತುಂಬಿದವರಲ್ಲಿ ಅವಳಿರಬೇಕೆಂದು ನನ್ನ ಕಡತವೇ ಹೇಳುತ್ತಿದ್ದಿತು. ಆರನೆಯ ನಮೂನೆಯನ್ನು ಕೈಯಲ್ಲಿ ಹಿಡಿದು, ತಮಾಷೆಗೆ ಅವಳ ಹೆಸರನ್ನು ಹಾಜರಿ ಕರೆಯುವಂತೆ ಕೂಗಿ, ಬಾಗಿಲಲ್ಲಿ ನಿಂತೆನು.

ತಾಯಿ ಹೊರಗೆ ಬಂದಳು. ಮಗಳಿಗೆ ಶ್ರಾವಣದಲ್ಲಿಯೇ ಮದುವೆಯಾಯಿತೆಂದೂ, ಒಳ್ಳೆಯ ಸಂಬಂಧವೆಂದೂ, ಪಟ್ಟಿಯ ವಿಚಾರವನ್ನು ಗಂಡನ ಊರಿನವರು ನೋಡಿಕೊಳ್ಳುವರೆಂದೂ ಹೇಳಿದಳು. ಕಾಲೇಜಿನ ಅರ್ಜಿಯನ್ನು ತಂದಿದ್ದಳಂತೆ, ತುಂಬಲಿಲ್ಲವಂತೆ. ಆಮೇಲೆ ನನಗೆ ಕುರ್ಚಿ ಹಾಕಿ ನೀರು ಕೊಟ್ಟು ತಾಯಿ ಹೇಳಿದ ಮಾತನ್ನು ನಾನು ಅಕ್ಷರಶಃ ಹೇಳುತ್ತೇನೆ: "ಅಂಗನವಾಡಿಯೋರು ಬಂದು ವಯಸ್ಸು ಕೇಳಿದ್ರು ಸಾರ್. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತೋರಿಸಿದ್ವಿ. ಜೂನ್‌ಗೇ ಹದಿನೆಂಟಾಗಿದೆ ಅಂದ್ಕಂಡು ಸುಮ್ಮನೆ ಹೋದ್ರು. ನೀವು ಅವತ್ತು ಹಂಗೆ ಬರ್ಕೊಟ್ಟಿದ್ದಕ್ಕೆ ಸಲೀಸಾಯ್ತು. ನಿಮ್ಮ ಉಪಕಾರ."

ನಮ್ಮ ಸಂಸ್ಥಾನ ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. 1894ರಲ್ಲಿಯೇ ಮೈಸೂರು ಸರ್ಕಾರ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ್ದಿತು. 1929ರ ಶಾರದಾ ಶಾಸನ ಅದನ್ನು ಹದಿನಾಲ್ಕು ಮಾಡಿತು, 1978ರಲ್ಲಿ ಹದಿನೆಂಟಾಯಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷ ಹಿಡಿಯಿತು. ಎಷ್ಟು ಮಂದಿ ವಾದಿಸಿದರು, ಎಷ್ಟು ಮಂದಿ ಬಯ್ಗುಳ ತಿಂದರು! ಆ ಹದಿನೆಂಟರಲ್ಲಿ ಎಂಟು ತಿಂಗಳು ಹದಿನಾರು ದಿನವನ್ನು ನಾನು ಒಂದು ಜೂನ್ ಬೆಳಗ್ಗೆ ಲೇಖನಿಯ ತುದಿಯಿಂದ ತೆಗೆದುಬಿಟ್ಟಿದ್ದೆನು. ನಾನು ಸರಿಯಾಗಿ ಬರೆದಿದ್ದರೆ ಮದುವೆಯೇ ಆಗುತ್ತಿರಲಿಲ್ಲವೆಂದು ಹೇಳುವಷ್ಟು ನಾನು ಮುಗ್ಧನಲ್ಲ. ಶ್ರಾವಣದಲ್ಲಿ ಆಗುತ್ತಿರಲಿಲ್ಲ, ಒಂದು ವರ್ಷ ತಡವಾಗಿ ಶಾಲೆಗೆ ಸೇರಿ, ಆಗ ಕಾಲೇಜಿನ ಎರಡನೆಯ ವರ್ಷದಲ್ಲಿ ಇರುತ್ತಿದ್ದಳು. ಆ ತಿಂಗಳುಗಳಲ್ಲಿ ಏನೇನಾಗಬಹುದಾಗಿತ್ತೋ! ತಂದೆಯ ಮನಸ್ಸು ತಿರುಗಬಹುದಾಗಿತ್ತು. ನಾನೇ ಹೋಗಿ ಒಂದು ಮಾತು ಹೇಳಬಹುದಾಗಿತ್ತು. ಹೇಳುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ. ಬರೆದ ತಾರೀಖನ್ನು ಅಳಿಸುವ ಅಧಿಕಾರ ಬರೆದವನಿಗಿಲ್ಲ. ಅದಕ್ಕೆ ನ್ಯಾಯಾಲಯದ ಆಜ್ಞೆ ಬೇಕು.

ಆ ಸಂಜೆ ಹೊಳೆಯ ಕಡೆ ಹೋಗಿ ಕುಳಿತಿದ್ದೆನು. 2019ರ ಆಗಸ್ಟ್ ತಿಂಗಳಲ್ಲಿ ಇದೇ ಹೊಳೆ ಏರಿ ತಗ್ಗಿನ ಮನೆಗಳಿಗೆ ನುಗ್ಗಿದ್ದಿತು. ಅದಕ್ಕೂ ಜನ ಒಂದು ವರ್ಷದ ಹೆಸರನ್ನು ಕೊಟ್ಟಾಗಿದೆ. ಮುಂದೆ ಯಾವುದೋ ಮಗುವಿನ ವಯಸ್ಸನ್ನು ಅದರಿಂದ ಎಣಿಸುವರು. ನನ್ನ ಕಿವಿಯ ಮೇಲೆ ಕಾಣಿಸಿಕೊಂಡಿದ್ದ ನಾಲ್ಕು ಬಿಳಿಯ ಕೂದಲಿನ ಚಿಂತೆಯಲ್ಲಿ ಆ ವರ್ಷವನ್ನೆಲ್ಲ ಕಳೆದಿದ್ದೆನೆಂದು ನೆನಪಾಗಿ ನಾಚಿಕೆಯಾಯಿತು.

ಮುಂದಿನ ಶಿವರಾತ್ರಿಯ ಮಾರನೆಯ ದಿನ ಹುಡುಗಿ ಶಾಲೆಗೆ ಬಂದಳು. ಹಬ್ಬಕ್ಕೆ ತವರಿಗೆ ಬಂದಿದ್ದಳಂತೆ. ಬಸುರಿ, ಮುಖ ಇಳಿದಿದ್ದಿತು, ಕುಳಿತುಕೊಳ್ಳುವಾಗ ಒಂದು ಕೈಯನ್ನು ಮೇಜಿನ ಮೇಲೆ ಊರಿದಳು. "ನೀವು ಹಂಗೇ ಇದ್ದೀರಿ ಸಾರ್, ಒಂಚೂರೂ ಬದಲಾಗಿಲ್ಲ" ಎಂದಳು. ನಾನು ಅದೇ ಮಾತನ್ನು ಅವಳಿಗೆ ಹಿಂದಿರುಗಿಸಲಾರದೆ ರಿಜಿಸ್ಟರನ್ನು ಮುಂದಕ್ಕೆಳೆದುಕೊಂಡು, ಆ 2012ನೆಯ ಜೂನ್ ಬೆಳಗಿನ ಸಂಗತಿಯನ್ನು ಇದ್ದದ್ದು ಇದ್ದಂತೆ ಅವಳಿಗೆ ಹೇಳಿದೆನು. ಅವಳು ಕೋಪಿಸಿಕೊಳ್ಳಬಹುದೆಂದು ಎಣಿಸಿದ್ದೆ. ಅವಳು ನನ್ನ ಬರಹದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ನಾನೇ ಹಿಂದೆ ಕಲಿಸಿದ್ದಂತೆ, ಹೆಬ್ಬೆರಳಿನಿಂದ ಗೆಣ್ಣುಗಳನ್ನು ಮುಟ್ಟುತ್ತ ವರ್ಷಗಳನ್ನು ಎಣಿಸಿದಳು.

"ಹಂಗಾದ್ರೆ ಸಾರ್, ನನಗೆ ಹದಿನೆಂಟು ತುಂಬೋದು ಇವತ್ತು" ಎಂದಳು.

ಹೊರಗೆ ಊಟದ ಗಂಟೆ ಬಾರಿಸಿತು. ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿದ್ದರು. ನಾನು ಅವಳಿಗೂ ಒಂದು ತಟ್ಟೆ ತರಿಸಿದೆನು.